ಇನ್ಕ್ಯುಬೇಟರ್ ತೋರಿಸಿದ ನಂಬರ್ ನಂಬಿ ಕೆಟ್ಟೆ

ಮನೆಯಲ್ಲೇ ಬ್ಯಾಂಟಮ್ ಕೋಳಿ, ಅಂದರೆ ಗಿಡ್ಡ ಜಾತಿಯ ಕೋಳಿ, ಮರಿ ಮಾಡಿಸಬೇಕು ಅಂತ ಹೊರಟಿದ್ದರೆ, ಮೊಟ್ಟೆ ಇಡುವ ಮುಂಚೆ ಇದನ್ನೊಮ್ಮೆ ಓದಿ. ನಾನು ಇನ್ಕ್ಯುಬೇಟರಿನಲ್ಲಿ, ಅಂದರೆ ಕಾವು ಕೊಡುವ ಮಷೀನಿನಲ್ಲಿ, ಸಿಲ್ಕಿ ಅನ್ನುವ ಬ್ಯಾಂಟಮ್ ತಳಿಯ ಹನ್ನೆರಡು ಮೊಟ್ಟೆ ಇಟ್ಟಿದ್ದೆ. ಉಳಿದದ್ದು ಎರಡೇ ಮರಿ.

ಮೊಟ್ಟೆಯದೇನೂ ತಪ್ಪಿರಲಿಲ್ಲ. ಏಳನೇ ದಿನ ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚ್ ಹಿಡಿದು ನೋಡಿದೆವು. ಮೂರು ಖಾಲಿ. ಒಂಬತ್ತರಲ್ಲಿ ಕೆಂಪು ನರ ಜೇಡರ ಬಲೆಯ ಹಾಗೆ ಹರಡಿತ್ತು, ನಡುವೆ ಒಂದು ಕಪ್ಪು ಚುಕ್ಕೆ ಮಿಸುಕಾಡುತ್ತಿತ್ತು. ಮಕ್ಕಳು ಅವತ್ತು ಮಲಗಲೇ ಇಲ್ಲ.

ಮಷೀನು ಆನ್‌ಲೈನಲ್ಲಿ ತರಿಸಿದ್ದು. ಒಳಗೆ ಪುಟ್ಟ ಫ್ಯಾನು, ತಾನೇ ತಿರುಗಿಸುವ ಟ್ರೇ. ಮುಂದೆ ಕೆಂಪಗೆ 37.5 ಅಂತ ಉರಿಯುತ್ತಿತ್ತು. ಫ್ಯಾನಿರುವ ಮಷೀನಿಗೆ ಬೇಕಾದ ಶಾಖ ಅಷ್ಟೇ ಅಲ್ವಾ, ಅಂತ ನಾನೂ ಸುಮ್ನಿದ್ದೆ.

ಕೋಳಿ ಮೊಟ್ಟೆಗೆ 21 ದಿನ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೆ. 18ನೇ ದಿನ ಸಂಜೆ ಟ್ರೇ ನಿಲ್ಲಿಸಿ, ನೀರು ಜಾಸ್ತಿ ಇಡುವ ಲೆಕ್ಕ. ಅವತ್ತು ಬೆಳಗಿನ ಜಾವವೇ ಒಳಗಿಂದ ಚೀಂ ಚೀಂ! ಎರಡು ಮೊಟ್ಟೆ ಬಿರುಕು ಬಿಟ್ಟಿವೆ, ಟ್ರೇ ಇನ್ನೂ ತಿರುಗುತ್ತಲೇ ಇದೆ.

ಗಾಬರಿಯಲ್ಲಿ ಮುಚ್ಚಳ ತೆಗೆದೆ. ಅರ್ಧ ಗಂಟೆಗೊಮ್ಮೆ ತೆಗೆಯುತ್ತಲೇ ಇದ್ದೆ. ತೇವವೆಲ್ಲ ಆರಿ, ಒಳಗಿನ ಬಿಳಿ ಪೊರೆ ಒಣಗಿದ ಹಪ್ಪಳದ ಹಾಗೆ ಮರಿಯ ಮೈಗೆ ಅಂಟಿಕೊಂಡಿತು. ಕೊಕ್ಕು ಆಡುತ್ತಿದೆ, ಕುತ್ತಿಗೆ ಹೊರಳುತ್ತಿಲ್ಲ. ನೋಡಲಾಗದೆ ಉಗುರಿನಿಂದ ಎರಡರ ಚಿಪ್ಪು ಸುಲಿದೆ. ರಕ್ತ ಜಿನುಗಿತು. ಹೊಟ್ಟೆಯ ಹತ್ತಿರ ಹಳದಿ ಇನ್ನೂ ಹೊರಗೇ ಜೋತಾಡುತ್ತಿತ್ತು. ಎರಡೂ ಸತ್ತವು.

ಅಮ್ಮ ಹಿಂದೆ ನಿಂತು ನೋಡುತ್ತಿದ್ದರು. 'ಯಾವ ಹೇಂಟೆ ಮೊಟ್ಟೆ ಸುಲಿದು ಮರಿ ತೆಗೆದದ್ದು ನೋಡಿದ್ದೀಯೋ ನೀನು?' ಅಂದರು.

ಮೂರು ಚಿಪ್ಪಿನೊಳಗೇ ಹೋದವು. ತಾವಾಗೇ ಬಂದ ನಾಲ್ಕರಲ್ಲಿ ಎರಡಕ್ಕೆ ಹೊಕ್ಕುಳು ಮುಚ್ಚಿರಲಿಲ್ಲ, ವಾರದೊಳಗೆ ಅವೂ ಹೋದವು.

ಆಮೇಲೆ ಹೊಳೆಯಿತು. ಮನೆಯಲ್ಲಿದ್ದ ಜ್ವರ ನೋಡುವ ಪಾದರಸದ ಥರ್ಮಾಮೀಟರನ್ನು ಖಾಲಿ ಮಷೀನಿನೊಳಗಿಟ್ಟೆ. 37.5 ಅಂದರೆ ಫ್ಯಾರನ್‌ಹೀಟಿನಲ್ಲಿ 99.5 ಇರಬೇಕು. ಪಾದರಸ ಹತ್ತಿದ್ದು 101.8ಕ್ಕೆ. ಹದಿನೆಂಟು ದಿನ ಜ್ವರ ಬಂದ ಹಾಗೆ ಕಾಯಿಸಿದ್ದೇನೆ! ಶಾಖ ಜಾಸ್ತಿಯಾದರೆ ಮರಿ ಬೇಗ ಹೊರಡುತ್ತದೆ, ಹಳದಿಯನ್ನು ಒಳಗೆಳೆದುಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಮಾರಿದವನಿಗೆ ಫೋನ್ ಮಾಡಿದರೆ, 'ಒಂದೆರಡು ಡಿಗ್ರಿ ಹೆಚ್ಚುಕಮ್ಮಿ ಇದ್ದೇ ಇರುತ್ತೆ ಸಾರ್' ಅಂದ. ಒಂದೆರಡು ಡಿಗ್ರಿಯಂತೆ!

ಹಾಗಾಗಿ ಮೊಟ್ಟೆ ಇಡುವ ಮುಂಚೆ ಮಷೀನನ್ನು ಒಂದು ದಿನ ಖಾಲಿ ಓಡಿಸಿ, ಬೇರೆ ಥರ್ಮಾಮೀಟರ್ ಇಟ್ಟು ನೋಡಿ. ಬ್ಯಾಂಟಮ್ ಮರಿ ಶಾಖ ಸರಿಯಿದ್ದರೂ ಎಷ್ಟೋ ಸಲ 19-20ನೇ ದಿನಕ್ಕೇ ಬರುತ್ತದೆ. ಅದಕ್ಕೆ 17ನೇ ದಿನವೇ ತಿರುಗಿಸುವುದು ನಿಲ್ಲಿಸಿ, ತೇವಾಂಶವನ್ನು ಶೇಕಡಾ 65-70ಕ್ಕೆ ಏರಿಸಿ. ಆಮೇಲೆ ಮುಚ್ಚಳ ಮುಟ್ಟಬೇಡಿ. ಚಿಪ್ಪು ತೂತಾದ ಮೇಲೂ ಮರಿ ಹೊರಬರಲು ಒಂದು ದಿನ ಹಿಡಿಯಬಹುದು. ಬಂದ ಮರಿ ಹೊಟ್ಟೆಯೊಳಗಿನ ಹಳದಿಯಲ್ಲೇ ಎರಡು ದಿನ ತಡೆಯುತ್ತದೆ, ಅನ್ನ ನೀರಿಗೆ ಅವಸರವಿಲ್ಲ.

ಉಳಿದ ಎರಡು ಮರಿ ಈಗ ಹಿತ್ತಲಲ್ಲಿ ಓಡಾಡುತ್ತಿವೆ. ಒಂದರ ಕಾಲ್ಬೆರಳು ಸೊಟ್ಟ. ಪಕ್ಕದ ಮನೆಯ ನಾಟಿ ಹೇಂಟೆ ಕಾವಿಗೆ ಬಂದಿದೆಯಂತೆ, ಮುಂದಿನ ಆರು ಮೊಟ್ಟೆಗೆ ಅದನ್ನೇ ಕೇಳಿಟ್ಟಿದ್ದೇನೆ.