ವಿಕ್ಸ್ ಟೂಲ್‌ಸೆಟ್: ಇನ್‌ಸ್ಟಾಲರ್ ಯಾಕೆ ಫೇಲ್ ಆಯ್ತು ಅಂತ ಹುಡುಕುವವರಿಗೆ

ವಿಂಡೋಸ್‌ಗೆ ಎಂಎಸ್‌ಐ ಪ್ಯಾಕೇಜ್ (ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವ ಫೈಲ್) ಮಾಡುವವರಿಗೆಲ್ಲ 1603 ಎರರ್ ಗೊತ್ತೇ ಇರುತ್ತದೆ. ಇನ್‌ಸ್ಟಾಲ್ ಆಗಲಿಲ್ಲ ಅನ್ನುವುದು ಬಿಟ್ಟರೆ ಅದು ಬೇರೇನೂ ಹೇಳುವುದಿಲ್ಲ. ಎಷ್ಟೋ ಸಲ ತಪ್ಪು ಇರುವುದು ಕಸ್ಟಮ್ ಆಕ್ಷನ್‌ನಲ್ಲಿ, ಅಂದರೆ ಇನ್‌ಸ್ಟಾಲರ್ ಒಳಗೆ ನಾವೇ ಬರೆದು ಸೇರಿಸಿದ ಕೋಡ್‌ನಲ್ಲಿ. ಅದನ್ನು ಹಿಡಿಯಲು ನಾನು ನಂಬಿಕೊಂಡಿರುವುದು ಇಂಥ ಪ್ಯಾಕೇಜ್ ತಯಾರಿಸುವ ವಿಕ್ಸ್ ಟೂಲ್‌ಸೆಟ್ ಅನ್ನು, ಅದರಲ್ಲೂ ಅದರ ಡಿಟಿಎಫ್ (ಡಿಪ್ಲಾಯ್‌ಮೆಂಟ್ ಟೂಲ್ಸ್ ಫೌಂಡೇಶನ್) ಲೈಬ್ರರಿಯನ್ನು. 2004ರಲ್ಲಿ ಮೈಕ್ರೋಸಾಫ್ಟ್ ಓಪನ್ ಸೋರ್ಸ್ ಮಾಡಿದ ಟೂಲ್ ಇದು, ಇವತ್ತಿಗೂ ಕೆಲಸಕ್ಕೆ ಬರುತ್ತಿದೆ.

ಡಿಟಿಎಫ್ ಇದ್ದರೆ ಕಸ್ಟಮ್ ಆಕ್ಷನ್ ಅನ್ನು ಸಿ ಶಾರ್ಪ್‌ನಲ್ಲೇ ಬರೆಯಬಹುದು. ಸುಲಭ ಅನ್ನುವುದು ಸರಿ, ಆದರೆ ನನಗೆ ಮುಖ್ಯವಾದದ್ದು ಬೇರೆ. ಕೋಡ್ ಎಕ್ಸೆಪ್ಷನ್ ಎಸೆದರೆ, ಅಂದರೆ ಎರರ್ ಬಂದು ನಿಂತರೆ, ಪೂರ್ತಿ ಸ್ಟ್ಯಾಕ್ ಟ್ರೇಸ್ (ಕೋಡ್‌ನ ಯಾವ ಜಾಗದಲ್ಲಿ ನಿಂತಿತು ಅನ್ನುವ ವಿವರ) ಇನ್‌ಸ್ಟಾಲರ್ ಲಾಗ್‌ಗೆ ಬಂದು ಬೀಳುತ್ತದೆ. ಎಂಎಸ್‌ಐ ಓಡಿಸುವ ವಿಂಡೋಸ್ ಕಮಾಂಡ್ ಆದ ಎಂಎಸ್‌ಐಎಕ್ಸೆಕ್ ಅನ್ನು ವರ್ಬೋಸ್ (ಎಲ್ಲ ವಿವರ ಬರೆಯುವ) ಲಾಗ್ ಆಪ್ಷನ್ ಕೊಟ್ಟು ಓಡಿಸಿ, ಲಾಗ್ ಫೈಲ್‌ನಲ್ಲಿ "ರಿಟರ್ನ್ ವ್ಯಾಲ್ಯೂ 3" ಅಂತ ಹುಡುಕಿ. ಮೊದಲು ಸಿಕ್ಕಿದ ಜಾಗದಲ್ಲಿ ನಿಂತು ಸ್ವಲ್ಪ ಮೇಲಕ್ಕೆ ಓದಿ. ಕೆಳಗೆ ಇರುವುದೆಲ್ಲ ಬರೀ ರೋಲ್‌ಬ್ಯಾಕ್ (ಮಾಡಿದ್ದನ್ನು ವಾಪಸ್ ತೆಗೆಯುವ ಕೆಲಸ), ಅದನ್ನು ಓದಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ಕೈಗೆ ಬಂದ ಒಂದು ಹಳೆಯ ಬಿಲ್ಲಿಂಗ್ ಪ್ಯಾಕೇಜ್‌ನಲ್ಲಿ ಹೀಗೇ ಆಗಿತ್ತು. ಡೆವಲಪರ್ ಅದೇ ಕೋಡನ್ನು ಕೈಯಾರೆ ಓಡಿಸಿದರೆ ಏನೂ ತೊಂದರೆ ಇಲ್ಲ, ಇನ್‌ಸ್ಟಾಲರ್ ಒಳಗೆ ಮಾತ್ರ 1603. ಲಾಗ್‌ನಲ್ಲಿ ಆ ಕಸ್ಟಮ್ ಆಕ್ಷನ್ ಹೆಸರಿನ ಕೆಳಗೆ ಎಕ್ಸೆಪ್ಷನ್, ಅದರಲ್ಲಿ ಜೆಡ್ ಡ್ರೈವ್‌ನ ಪಾತ್ ಸಿಗುತ್ತಿಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. ಅಲ್ಲಿಗೆ ಕಥೆ ಗೊತ್ತಾಯ್ತು. ಆ ಆಕ್ಷನ್ ಡಿಫರ್ಡ್ (ನಂತರ, ಸಿಸ್ಟಮ್ ಬದಲಾಯಿಸುವ ಹಂತದಲ್ಲಿ ಓಡುವಂಥದ್ದು), ಅದರ ಇಂಪರ್ಸನೇಟ್ (ಯೂಸರ್ ಹೆಸರಿನಲ್ಲಿ ಓಡಬೇಕೇ ಅನ್ನುವ ಸೆಟ್ಟಿಂಗ್) "ನೋ" ಆಗಿತ್ತು, ಹಾಗಾಗಿ ಓಡುವುದು ವಿಂಡೋಸ್‌ನದೇ ಆದ ಲೋಕಲ್ ಸಿಸ್ಟಮ್ ಅಕೌಂಟ್‌ನಲ್ಲಿ, ಮತ್ತು ಯೂಸರ್ ಮ್ಯಾಪ್ ಮಾಡಿಕೊಂಡ ನೆಟ್‌ವರ್ಕ್ ಡ್ರೈವ್ ಆ ಅಕೌಂಟ್‌ಗೆ ಕಾಣುವುದೇ ಇಲ್ಲ! ಯೂಸರ್ ಅಕೌಂಟ್‌ನಲ್ಲೇ ಓಡುವ ಇಮ್ಮಿಡಿಯೆಟ್ ಆಕ್ಷನ್‌ನಲ್ಲಿ ಆ ಫೈಲ್ ಓದಿಸಿ, ಬೇಕಾದ ವ್ಯಾಲ್ಯೂಗಳನ್ನಷ್ಟೇ ಕಸ್ಟಮ್‌ಆಕ್ಷನ್‌ಡೇಟಾ ಅನ್ನುವ ಪ್ರಾಪರ್ಟಿ ಮೂಲಕ ಡಿಫರ್ಡ್ ಆಕ್ಷನ್‌ಗೆ ದಾಟಿಸಿದೆವು, ಸರಿಹೋಯ್ತು. ಡಿಫರ್ಡ್ ಆಕ್ಷನ್ ನಮ್ಮ ಪ್ರಾಪರ್ಟಿಗಳನ್ನು (ಇನ್‌ಸ್ಟಾಲರ್‌ನ ವೇರಿಯಬಲ್‌ಗಳನ್ನು) ನೇರವಾಗಿ ಓದಲಾರದು ಅನ್ನುವುದೂ ಇಲ್ಲೇ ಗಮನಿಸಬೇಕಾದ ವಿಷಯ. ಡಿಟಿಎಫ್‌ನಲ್ಲಿ ಹಾಗೆ ಓದಲು ಹೋಗಿ ಎಕ್ಸೆಪ್ಷನ್ ಬಂದು ಕೋಡ್ ಬೀಳುವುದು ತುಂಬಾ ಮಾಮೂಲಿ.

ಲಾಗ್ ಸಾಲದಿದ್ದರೆ ಎಂಎಂಎಸ್‌ಐಬ್ರೇಕ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಆಕ್ಷನ್ ಹೆಸರು ಕೊಡಿ. ಆ ಆಕ್ಷನ್ ಶುರುವಾಗುವ ಮೊದಲು ಇನ್‌ಸ್ಟಾಲರ್ ನಿಲ್ಲುತ್ತದೆ, ಡಿಬಗರ್ ಅಟ್ಯಾಚ್ ಮಾಡಿ ಒಂದೊಂದೇ ಸಾಲು ನೋಡುತ್ತಾ ಹೋಗಬಹುದು. ಬೇರೆ ಯಾವ ಇನ್‌ಸ್ಟಾಲರ್ ಟೂಲ್‌ನಲ್ಲೂ ನನಗೆ ಇಷ್ಟು ನೆಮ್ಮದಿ ಸಿಕ್ಕಿಲ್ಲ.

ಕೊರತೆಗಳೂ ಇವೆ. ಕಲಿಯುವುದಕ್ಕೆ ಟೈಮ್ ಬೇಕು, ಎಕ್ಸ್‌ಎಂಎಲ್ ಜಾಸ್ತಿ, ಹೊಸಬರಿಗೆ ಮೊದಮೊದಲು ಬೇಸರ ಬರುತ್ತದೆ. ಮೂರನೇ ವರ್ಷನ್‌ನಿಂದ ನಾಲ್ಕಕ್ಕೆ ಹೋದಾಗ ಸ್ಕೀಮಾ (ಎಕ್ಸ್‌ಎಂಎಲ್ ಬರೆಯುವ ನಿಯಮ) ಬದಲಾಯಿತು, ಬೈನರಿಕೀ ಅನ್ನುವ ಆಟ್ರಿಬ್ಯೂಟ್ ಬೈನರಿರೆಫ್ ಆಯಿತು, ಡಿಟಿಎಫ್ ನೇಮ್‌ಸ್ಪೇಸ್ ಕೂಡ ಬೇರೆ ಆಯಿತು. ವಿಕ್ಸ್ ಕನ್ವರ್ಟ್ ಕಮಾಂಡ್ ಡಬ್ಲ್ಯುಎಕ್ಸ್‌ಎಸ್ ಫೈಲ್‌ಗಳನ್ನು (ವಿಕ್ಸ್‌ನ ಎಕ್ಸ್‌ಎಂಎಲ್ ಫೈಲ್‌ಗಳನ್ನು) ಬಹುಪಾಲು ತಿದ್ದಿಕೊಡುತ್ತದೆ, ಸಿ ಶಾರ್ಪ್ ಕಡೆಯದನ್ನು ನೀವೇ ತಿದ್ದಬೇಕು. ನೆಟ್‌ನಲ್ಲಿ ಸಿಗುವ ಉದಾಹರಣೆಗಳಲ್ಲಿ ಹಳೆಯ ವರ್ಷನ್‌ನವು ತುಂಬಾ ಇವೆ, ಕಾಪಿ ಮಾಡುವ ಮೊದಲು ಯಾವುದಕ್ಕೆ ಬರೆದದ್ದು ಅಂತ ನೋಡಿಕೊಳ್ಳಿ.

ಇನ್ನೂ ವಿಬಿಸ್ಕ್ರಿಪ್ಟ್ ಅನ್ನುವ ಹಳೆಯ ಸ್ಕ್ರಿಪ್ಟ್ ಭಾಷೆಯಲ್ಲಿ ಕಸ್ಟಮ್ ಆಕ್ಷನ್ ಇಟ್ಟುಕೊಂಡವರು ಮಾತ್ರ ದಯವಿಟ್ಟು ಬೇಗ ಬಿಡಿ. ಅದನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲೇ ಹೇಳಿಯಾಗಿದೆ, ಮತ್ತು ಸ್ಕ್ರಿಪ್ಟ್ ಎಂಜಿನ್ ಸಿಗದ ಮಷೀನ್‌ನಲ್ಲಿ 2738 ಎರರ್ ಬಂದು ನಿಲ್ಲುವುದು ನಿಮ್ಮ ಕಸ್ಟಮರ್‌ನ ಇನ್‌ಸ್ಟಾಲ್.