ಪಟಾಕಿ ಪುಡಿ ಆನ್‌ಲೈನಲ್ಲಿ ತರಿಸುವ ಮುಂಚೆ ಇದನ್ನು ಓದಿ

ತೀರ್ಥಹಳ್ಳಿ ಕಡೆ ಇರುವ ನನ್ನ ಅಕ್ಕನ ಮಗನ ಮೇಲೆ ಈಗ ಸ್ಫೋಟಕ ಕಾಯ್ದೆಯ ಕೇಸ್ ಇದೆ. ಬಲಗೈಯ ಎರಡು ಬೆರಳು ಪೂರ್ತಿ ಮಡಚಲು ಬರುವುದಿಲ್ಲ. ಯಾರಿಗೂ ಕೇಡು ಬಗೆದ ಹುಡುಗನಲ್ಲ. ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವದಲ್ಲಿ ತುಂಗೆಯ ಮೇಲೆ ಬಾಣಬಿರುಸು ನೋಡುತ್ತಾ ಬೆಳೆದವನು, ಅದನ್ನು ತಾನೇ ಮಾಡಬೇಕು ಅನ್ನುವ ಹುಚ್ಚು ಹಿಡಿದಿತ್ತು, ಅಷ್ಟೆ. ನಮ್ಮ ಕಡೆ ಇಂಥ ಹುಡುಗರು ಇನ್ನೂ ಇದ್ದಾರೆ. ಅದಕ್ಕೇ ಅಕ್ಕ, ಭಾವ ಇಬ್ಬರನ್ನೂ ಕೇಳಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಅವನಿಗೆ ಆನ್‌ಲೈನಲ್ಲಿ ಒಬ್ಬ ವ್ಯಾಪಾರಿ ಸಿಕ್ಕಿದ. ವಾಟ್ಸಾಪ್‌ನಲ್ಲೇ ಆರ್ಡರ್. "ಲೈಸೆನ್ಸ್ ಏನೂ ಬೇಡ, ಎಲ್ಲಾ ಲ್ಯಾಬ್ ಸಾಮಾನು, ಗೊಬ್ಬರದ ಅಂಗಡೀಲೂ ಸಿಗುತ್ತೆ" ಅಂದನಂತೆ. ಇದು ಅರ್ಧ ನಿಜ, ಹುಡುಗರು ಮೋಸ ಹೋಗುವುದೂ ಇಲ್ಲೇ. ಗಂಧಕ ತೋಟದವರ ಮನೆಯಲ್ಲೇ ಇರುತ್ತದೆ. ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಅಂದರೆ 13-0-45 ಅಂತ ಮಾರುವ ಗೊಬ್ಬರವೇ. ಒಂದೊಂದನ್ನೇ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ. ಅವೇ ಪುಡಿಗಳು ಕಾಗದದ ಕೊಳವೆ, ಬತ್ತಿ, ಪುಟ್ಟ ತಕ್ಕಡಿಯ ಜೊತೆ ಒಂದೇ ಕಪಾಟಿನಲ್ಲಿ ಸಿಕ್ಕರೆ ಅದು ಕೇಸ್. 1884ರ ಕಾಯ್ದೆ ಸ್ಫೋಟಕಗಳ ಪಟ್ಟಿಯಲ್ಲೇ ಪಟಾಕಿಯನ್ನೂ ಸೇರಿಸಿದೆ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ 3 ವರ್ಷದವರೆಗೆ ಜೈಲು ಆಗಬಹುದು. ಮಾರುವುದಕ್ಕಲ್ಲ, ನನ್ನ ಖುಷಿಗೆ ಮಾಡಿದೆ ಅಂದರೂ ನಡೆಯುವುದಿಲ್ಲ.

ಪಾರ್ಸೆಲ್ ಬಸ್ಸಿನಲ್ಲಿ ಬಂತು. ಬಿಲ್ಲಿನಲ್ಲಿ ಬರೆದಿದ್ದು "ಬಣ್ಣದ ಪುಡಿ". ಒಳಗೆ ಪ್ಲಾಸ್ಟಿಕ್ ಕವರುಗಳು, ಮೇಲೆ ಮಾರ್ಕರ್‌ನಲ್ಲಿ ಬರೀ ನಂಬರು. ಒಂದರ ಮೇಲೂ ಹೆಸರಿಲ್ಲ. ಅವನು ಕೇಳಿದ್ದು ನೈಟ್ರೇಟ್, ಬಂದಿದ್ದು ಕ್ಲೋರೇಟ್. ಎರಡೂ ಬಿಳಿ ಪುಡಿಯೇ, ನೋಡಿದರೆ ಗೊತ್ತಾಗುವುದಿಲ್ಲ. ಕ್ಲೋರೇಟ್ ಮತ್ತು ಗಂಧಕ ಸೇರಿದರೆ ಸುಮ್ನೆ ಉಜ್ಜಿದರೂ ಸಾಕು, ಹೊತ್ತಿಕೊಳ್ಳುತ್ತದೆ. ಈ ಮಿಶ್ರಣವನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧ ಮಾಡಿದೆ. ಲೈಸೆನ್ಸ್ ಇರುವ ಪಟಾಕಿ ಕಾರ್ಖಾನೆಯೂ ಇದನ್ನು ಬಾಣಬಿರುಸಿಗೆ ಬಳಸುವ ಹಾಗಿಲ್ಲ.

ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಕೂತು ಉಜ್ಜಿದ್ದಾನೆ. ಕಡ್ಡಿ ಗೀರಿಲ್ಲ, ಹತ್ತಿರ ಬೆಂಕಿಯೂ ಇರಲಿಲ್ಲ. ಇದ್ದದ್ದು ಸ್ವಲ್ಪವೇ ಪುಡಿ, ಆದರೂ ಸಿಡಿಯಿತು. ಅವನ ಕನ್ನಡಕವನ್ನು ಅಕ್ಕ ಇನ್ನೂ ಇಟ್ಟುಕೊಂಡಿದ್ದಾಳೆ. ಎರಡೂ ಗಾಜಿನ ತುಂಬ ಸಾಸಿವೆಗಿಂತ ಸಣ್ಣ ಬೂದು ಚುಕ್ಕೆಗಳು. ಬೆರಳಾಡಿಸಿದರೆ ತರಿತರಿಯಾಗಿ ತಾಗುತ್ತವೆ. ಕನ್ನಡಕ ಹಾಕುವ ಅಭ್ಯಾಸ ಇಲ್ಲದಿದ್ದರೆ ಅಷ್ಟೂ ಕಣ್ಣಿಗೇ ಹೋಗುತ್ತಿತ್ತು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಯಾರೋ "ಗ್ಯಾಸ್ ಸ್ಟೌ ಸಿಡೀತು ಅನ್ನಿ" ಅಂತ ಹೇಳಿಕೊಟ್ಟರು. ದಯವಿಟ್ಟು ಹಾಗೆ ಮಾಡಬೇಡಿ. ಏನು ತಾಗಿದೆ ಅಂತ ಗೊತ್ತಾದರೆ ತಾನೇ ಡಾಕ್ಟರು ಸರಿಯಾಗಿ ನೋಡುವುದು? ಇಂಥ ಗಾಯವನ್ನು ಅವರು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಅಂತ ಬರೆದು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸಿದರು. ಮನೆಗೆ ಬಂದ ಪೊಲೀಸರು ಮೊದಲು ಕೇಳಿದ್ದು, "ಹಂದಿಗೆ ಇಡೋಕಾ?" ಕಾಡುಹಂದಿಗೆ ಅಂತ ಇಟ್ಟ ಸಿಡಿಮದ್ದು ಕಚ್ಚಿ ಬಾಯಿ ಒಡೆದುಕೊಂಡ ದನಗಳನ್ನು ಮಲೆನಾಡಿನವರು ನೋಡಿದ್ದೇವೆ, ಹಾಗಾಗಿ ಆ ಪ್ರಶ್ನೆ ತಪ್ಪು ಅನ್ನಲಾರೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನಲ್ಲಿ ಜಿಲೆಟಿನ್ ಸ್ಫೋಟವಾದಾಗ ಭೂಕಂಪ ಅಂತ ಜನ ಮನೆಯಿಂದ ಹೊರಗೆ ಓಡಿ ಬಂದಿದ್ದರು. ಅದಾದ ಮೇಲೆ ಈ ಜಿಲ್ಲೆಯಲ್ಲಿ ಮದ್ದಿನ ವಿಷಯವನ್ನು ಯಾರು ಹಗುರಾಗಿ ತಗೋತಾರೆ?

ಮಹಜರು ಮಾಡಿ ಪುಡಿಗಳನ್ನೂ ಅವನ ಮೊಬೈಲನ್ನೂ ತೆಗೆದುಕೊಂಡು ಹೋದರು. ಕ್ಲೋರೇಟ್ ಅಂತ ಖಚಿತವಾಗಿದ್ದು ಪ್ರಯೋಗಾಲಯದ ವರದಿ ಬಂದಾಗಲೇ. ಇನ್ನೊಂದು ಕವರಿನಲ್ಲಿದ್ದದ್ದು ಬೇರಿಯಂ ನೈಟ್ರೇಟ್, ಹಸಿರು ಬಣ್ಣ ಬರಲಿ ಅಂತ ತರಿಸಿದ್ದು. ಪಟಾಕಿಯಲ್ಲಿ ಬೇರಿಯಂ ಬಳಸಬಾರದು ಅಂತ ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರಂದು ಹೇಳಿದೆ, 2021ರಲ್ಲಿ ಮತ್ತೆ ಹೇಳಿದೆ. ಅದು ಹೊಟ್ಟೆಗೆ ಹೋದರೆ ವಿಷ. ಇವನು ಅದನ್ನು ಹಾಕಿಟ್ಟಿದ್ದು ಖಾಲಿ ಉಪ್ಪಿನಕಾಯಿ ಬಾಟಲಿಯಲ್ಲಿ, ಅಡುಗೆಮನೆಯ ಅಟ್ಟದ ಮೇಲೆ. ಇದನ್ನು ಕೇಳಿ ಅಕ್ಕನಿಗೆ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ.

ವ್ಯಾಪಾರಿ ಮೊದಲ ಸಲ ಫೋನ್ ಎತ್ತಿ "ನಾವು ಕಾಲೇಜ್ ಲ್ಯಾಬಿಗೆ ಮಾತ್ರ ಕೊಡೋದು" ಅಂದ. ಆಮೇಲೆ ನಂಬರ್ ಸ್ವಿಚ್ ಆಫ್. ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್ ಮತ್ತು ಆ ಬಣ್ಣದ ಪುಡಿ ಬಿಲ್ಲು ಬಿಟ್ಟರೆ ನಮ್ಮ ಕೈಯಲ್ಲಿ ಏನೂ ಇಲ್ಲ. ಕೋರ್ಟಿಗೆ ಅಲೆಯುತ್ತಿರುವವನು ಹುಡುಗ. ಪಾಸ್‌ಪೋರ್ಟ್, ಸರ್ಕಾರಿ ಕೆಲಸ, ಪೊಲೀಸ್ ವೆರಿಫಿಕೇಶನ್ ಬೇಕಾದ ಕಡೆಯೆಲ್ಲ ಈ ಕೇಸಿನ ಬಗ್ಗೆ ಹೇಳಲೇಬೇಕು.

ಮಗನ ಕೋಣೆಯಲ್ಲಿ ಹೆಸರಿಲ್ಲದ ಪುಡಿ, ಬೆರಳಿಗೆ ಬೆಳ್ಳಿಯ ಹಾಗೆ ಅಂಟುವ ಅಲ್ಯೂಮಿನಿಯಂ ಪುಡಿ ಕಂಡರೆ ಕೂತು ಮಾತಾಡಿ. ಬೈದರೆ ಅದನ್ನೇ ಕೊಟ್ಟಿಗೆಗೆ ಸಾಗಿಸುತ್ತಾನೆ. ಹಬ್ಬಕ್ಕೆ ಪಟಾಕಿ ಬೇಕು ಅಂದರೆ ಲೈಸೆನ್ಸ್ ಇರುವ ಮಳಿಗೆಯಲ್ಲಿ ಕ್ಯೂಆರ್ ಕೋಡ್ ಇರುವ ಹಸಿರು ಪಟಾಕಿ ಕೊಡಿಸಿ. ಪುಡಿಗಳನ್ನು ಈಗಾಗಲೇ ಬೆರೆಸಿಟ್ಟಿದ್ದರೆ ಒಲೆಗೆ ಸುರಿಯಬೇಡಿ, ಹೊಳೆಗೂ ಹಾಕಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಅಲ್ಯೂಮಿನಿಯಂ ಬೆರೆತ ಪುಡಿ ತಾನಾಗಿಯೇ ಬಿಸಿಯಾಗಬಹುದು. ಬಾಟಲಿಯ ಮುಚ್ಚಳ ತಿರುಗಿಸಲೂ ಹೋಗದೆ, ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಬಂದು 112ಕ್ಕೆ ಫೋನ್ ಮಾಡಿ.