ಬಂದೂಕಿನ ಖಾಲಿ ಕೇಸ್ ನೆಗ್ಗಿದರೆ ಪಟ್ಟಿ ಅಂಟಿಸಬೇಕೋ, ಗ್ಯಾಸ್ ಇಳಿಸಬೇಕೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗ್ಯಾಸ್ ರೆಗ್ಯುಲೇಟರಿಗೆ, ಅಂದರೆ ಮದ್ದು ಉರಿದು ಬರುವ ಗ್ಯಾಸನ್ನು ಹೆಚ್ಚು ಕಡಿಮೆ ಮಾಡುವ ಬಂದೂಕಿನ ಭಾಗಕ್ಕೆ. ರಾಯಚೂರಿನಲ್ಲಿ ಪೊಲೀಸ್ ಆರ್ಮರರ್ (ಬಂದೂಕು ರಿಪೇರಿ ಮಾಡುವವನು) ಆಗಿದ್ದಾಗ ಒಂದು ಎಸ್‌ಎಲ್‌ಆರ್ (ತಾನೇ ಮುಂದಿನ ಗುಂಡು ತುಂಬಿಕೊಳ್ಳುವ ರೈಫಲ್) ಕೈಗೆ ಬಂತು. ಗುರಿಯಲ್ಲಿ ದೋಷವಿಲ್ಲ. ಆದರೆ ಖಾಲಿ ಕೇಸ್‌ಗಳು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಲೋಹದ ಕವಚಗಳು, ಬಾಯಿ ಹತ್ತಿರ ನೆಗ್ಗಿ, ದೂರ ಹೋಗಿ ಬೀಳುತ್ತಿದ್ದವು. ನಾವು ಅವನ್ನು ಮತ್ತೆ ತುಂಬುವುದಿಲ್ಲ, ಎಣಿಸಿ ವಾಪಸ್ ಕೊಡುತ್ತೇವೆ ಅಷ್ಟೆ. ಹಾಗಾಗಿ ನೆಗ್ಗಿದ್ದರಿಂದ ನಷ್ಟವೇನಿಲ್ಲ. ಯಾಕೆ ನೆಗ್ಗಿತು ಅನ್ನೋದೇ ಮುಖ್ಯ.

ಸುಲಭದ ದಾರಿ ವೆಲ್ಕ್ರೋ. ಕೇಸ್ ಹೊರಬರುವ ಕಿಂಡಿಯ ಅಂಚಿಗೆ ಅದರ ಮೆತ್ತನೆಯ ಪಟ್ಟಿ ಅಂಟಿಸಿದೆ. ನೆಗ್ಗು ಕಡಿಮೆಯಾಯಿತು, ನಿಜ. ಆದರೆ ಎಣ್ಣೆ, ಬಿಸಿ ಎರಡೂ ಸೇರಿ ಅಂಟು ಬಿಟ್ಟುಕೊಂಡಿತು. ಅದೂ ಅಲ್ಲದೆ ಕೇಸ್ ಅಷ್ಟೇ ಜೋರಾಗಿ ಬಂದು ಬಡಿಯುತ್ತಿತ್ತು. ಜ್ವರಕ್ಕೆ ಹಣೆ ಮೇಲೆ ಒದ್ದೆ ಬಟ್ಟೆ ಹಾಕಿದ ಹಾಗೆ.

ರೆಗ್ಯುಲೇಟರಿನ ಕಥೆ ಬೇರೆ. ಎಸ್‌ಎಲ್‌ಆರ್‌ನಲ್ಲಿ ಕೇಸನ್ನು ಹೊರಗೆಸೆಯುವ ಎಜೆಕ್ಟರ್ ಅಲುಗಾಡದ ಉಕ್ಕಿನ ತುಂಡು. ಕೆಲವು ಬಂದೂಕುಗಳಲ್ಲಿ ಇರುವ ಹಾಗೆ ಅದಕ್ಕೆ ಸ್ಪ್ರಿಂಗ್ ಇಲ್ಲ. ಚೇಂಬರನ್ನು (ಗುಂಡು ಕೂರುವ ಜಾಗ) ಹಿಂದಿನಿಂದ ಮುಚ್ಚುವ ಬೋಲ್ಟ್ ಎಷ್ಟು ರಭಸದಿಂದ ಹಿಂದೆ ಬರುತ್ತದೋ, ಕೇಸ್ ಅಷ್ಟೇ ರಭಸದಿಂದ ಹಾರುತ್ತದೆ. ಬೋಲ್ಟಿಗೆ ಆ ರಭಸ ಕೊಡುವುದು ಪಿಸ್ಟನ್ ತಳ್ಳುವ ಗ್ಯಾಸ್. ರೆಗ್ಯುಲೇಟರ್ ಸ್ವಲ್ಪ ತೆರೆದರೆ ಹೆಚ್ಚಿನ ಗ್ಯಾಸ್ ಹೊರಗೆ ಹೋಗುತ್ತದೆ. ಬಂದೂಕು ಖಾಲಿ ಮಾಡಿ, ಚೇಂಬರ್ ನೋಡಿಕೊಂಡು, ಒಂದೊಂದೇ ಹೆಜ್ಜೆ ತಿರುಗಿಸುತ್ತಾ ಹೋದೆ. ಕೇಸ್ ಹತ್ತಿರ ಬೀಳತೊಡಗಿತು, ನೆಗ್ಗು ಹೋಯಿತು, ಭುಜಕ್ಕೆ ಬೀಳುವ ಏಟೂ ಸ್ವಲ್ಪ ಹಗುರಾಯಿತು. ಆದರೆ ಜಾಸ್ತಿ ತೆರೆಯಬಾರದು. ಬೋಲ್ಟ್ ಪೂರ್ತಿ ಹಿಂದೆ ಬಾರದೆ ಕೇಸ್ ಕಿಂಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಮಸಿ, ಧೂಳು ಸೇರಿದಾಗಲೂ ಹೀಗೇ. ಅದಕ್ಕೆ ಕೇಸ್ ಸರಿಯಾಗಿ ಹಾರುವ ಜಾಗದಿಂದ ಒಂದೆರಡು ಹೆಜ್ಜೆ ಮುಚ್ಚಿಯೇ ಇಡಬೇಕು.

ಮೂರನೆಯದು ನೆರಳು. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು ಗೊತ್ತಲ್ವಾ? ಮದ್ದು ಕಾದರೆ ಒಳಗಿನ ಒತ್ತಡ ಏರುತ್ತದೆ. ಮಧ್ಯಾಹ್ನದ ಕೇಸ್‌ಗಳಲ್ಲಿ ನೆಗ್ಗು ಹೆಚ್ಚಿತ್ತು, ಬೆಳಗಿನವುಗಳಲ್ಲಿ ಕಡಿಮೆ. ಪೆಟ್ಟಿಗೆಯನ್ನು ಬೇವಿನ ಮರದ ಕೆಳಗೆ ಇಡಿಸಿದೆ. ಫರಕು ಚಿಕ್ಕದೇ, ಆದರೆ ಖರ್ಚಿಲ್ಲ. ರೆಗ್ಯುಲೇಟರ್ ಮುಟ್ಟುವ ಮುಂಚೆ ಇದನ್ನು ಮಾಡಿ.

ಒಂದು ವೇಳೆ ಕೇಸಿನ ಬುಡ ಉಬ್ಬಿದ್ದರೆ ಅಥವಾ ಸೀಳಿದ್ದರೆ ಅದು ನೆಗ್ಗಲ್ಲ. ಆಗ ಈ ಮೂರೂ ಬಿಟ್ಟು, ಫೈರಿಂಗ್ ನಿಲ್ಲಿಸಿ ಬಂದೂಕನ್ನು ತಪಾಸಣೆಗೆ ಕಳಿಸಿ.